ಮೂರನೇ ಮಹಡಿಗೆ ಹತ್ತಿದ ಸೋಫಾ

ದೊಡ್ಡಪ್ಪ,

ನಿಮ್ಮ ಲೆಕ್ಕದ ಪ್ರಕಾರ ನಾನು ಈ ಹೊತ್ತಿಗೆ ನಮ್ಮ ಮಾರ್ಮನ್ ಚರ್ಚಿನ ಎರಡು ವರ್ಷದ ಮಿಷನ್ ಸೇವೆಗೆ, ಅಂದರೆ ಮನೆಮನೆಗೆ ಹೋಗಿ ಧರ್ಮ ಸಾರುವ ಕೆಲಸಕ್ಕೆ, ಕೈಮುಗಿದು ಮನೆಗೆ ಓಡಿ ಬಂದಿರಬೇಕಿತ್ತು. ಬಂದಿಲ್ಲ, ನೋಡಿ. ಐದು ವಾರದಿಂದ ಜೊತೆಗಾರನೂ ನಾನೂ ಬಿಳಿ ಶರ್ಟಿನ ಮೇಲೆ ಹೆಸರಿನ ಪಟ್ಟಿ ಹಾಕಿಕೊಂಡು ಬಾಗಿಲು ತಟ್ಟುತ್ತಿದ್ದೇವೆ. "ಬೇಡ" ಎನ್ನುವ ಮಾತು ಕಿವಿಗೆ ಒಗ್ಗಿಹೋಗಿದೆ. ಇವತ್ತು ಅದರಿಂದಲೇ ಎಡವಟ್ಟಾಯಿತು.

ನಾವು ಹೋಗುವ ಒಂದು ಕಟ್ಟಡದ ಮೂರನೇ ಮಹಡಿಯ ದರ್ಜಿ ನಮ್ಮ ಮುಖ ಕಂಡರೆ ಚಿಲಕ ಹಾಕಿಕೊಳ್ಳುವವರು. ಇವತ್ತು ಮೆಟ್ಟಿಲ ಬುಡದಲ್ಲಿ ಸೋಫಾ ಇಟ್ಟುಕೊಂಡು ಏದುಸಿರು ಬಿಡುತ್ತಿದ್ದರು. ನಾವಿಬ್ಬರೂ ಒಂದೊಂದು ತುದಿ ಹಿಡಿದು ಎತ್ತಿಕೊಂಡು ಹತ್ತಿದೆವು. "ಬೇಡ, ಬೇಡ" ಎಂದು ಹಿಂದೆಯೇ ಕೂಗುತ್ತ ಬಂದರು. ಎಲ್ಲರೂ ಮೊದಲು ಹೇಳುವುದು ಅದನ್ನೇ ತಾನೆ ಎಂದು ನಾವು ನಿಲ್ಲಲಿಲ್ಲ. ಮೇಲೆ ಇಳಿಸಿದಾಗ ಅವರು ಗೋಡೆಗೆ ಒರಗಿ, "ಅಯ್ಯೋ ಪುಣ್ಯಾತ್ಮರಾ, ಬೆಳಗ್ಗಿಂದ ಒದ್ದಾಡಿ ಕೆಳಗೆ ತಂದಿದ್ದೆ. ನಾನು ಮನೆ ಖಾಲಿ ಮಾಡ್ತಿದ್ದೀನಿ!" ಎಂದರು.

ಮತ್ತೆ ಇಳಿಸಿದೆವು. ನೀರು ಕೊಟ್ಟು, "ನಾಳೆ ಬಟ್ಟೆ ಬೀರು ಇಳಿಸೋದಿದೆ, ಬರ್ತೀರಾ?" ಎಂದು ಕೇಳಿದರು. ಈ ಊರಿನಲ್ಲಿ ನಮ್ಮನ್ನು ಕರೆದವರು ಅವರೊಬ್ಬರೇ, ಅವರೂ ಹೊರಟರು.

ಬಲ ಹೆಗಲು ಊದಿದೆ, ಶಾಖ ಕೊಡುತ್ತಿದ್ದೇನೆ, ಅಮ್ಮನಿಗೆ ಹೇಳಬೇಡಿ. ಎರಡು ವರ್ಷ ಮುಗಿಸಿಯೇ ಬರುವುದು. ನನ್ನ ಮಂಚ ತಮ್ಮನಿಗೆ ಕೊಟ್ಟುಬಿಡಿ.

ಆ ಮನೆಗೆ ಬುಧವಾರ ಹೊಸಬರು ಬರುತ್ತಾರಂತೆ. ನಾವು ಮೆಟ್ಟಿಲ ಬುಡದಲ್ಲೇ ನಿಂತಿರುತ್ತೇವೆ. ಈ ಸಲ ಮೇಲಕ್ಕೋ ಕೆಳಕ್ಕೋ ಎಂದು ಕೇಳಿಯೇ ಎತ್ತುತ್ತೇವೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ನಿಮ್ಮ ತಮ್ಮನ ಹಟಮಾರಿ ಮಗ