ಆಕೆಯ ಬಲಗೆನ್ನೆ

ಮಾನ್ಯ ನಿರ್ದೇಶಕರಿಗೆ ನಮಸ್ಕಾರ.

ತೀರಿಕೊಂಡ ನಮ್ಮಪ್ಪನ ಕಾಮಿಕ್ಸಿನ ವೀರನಾರಿಯನ್ನು ಈ ಕಾಲಕ್ಕೆ ತಕ್ಕಂತೆ ಟಿವಿ ಧಾರಾವಾಹಿಗೆ ತರುತ್ತಿದ್ದೀರಿ, ಸಂತೋಷ. ಆಕೆಯ ಬಲಗೆನ್ನೆ ಕಾಣುವ ಒಂದಾದರೂ ಚಿತ್ರ ಬೇಕೆಂದು ನಿಮ್ಮ ಮೇಕಪ್‌ನವರಿಗಾಗಿ ಕೇಳಿದ್ದಿರಿ. ಅಪ್ಪನ ಟ್ರಂಕನ್ನು ತಳದವರೆಗೂ ಜಾಲಾಡಿದೆ. ಒಂದೂ ಇಲ್ಲ. ಇಪ್ಪತ್ತೆರಡು ವರ್ಷ ಆಕೆ ರೈಲು ತಡೆದದ್ದು, ಸೇತುವೆ ಎತ್ತಿ ಹಿಡಿದದ್ದು ಎಲ್ಲವೂ ಎಡಗೆನ್ನೆ ತೋರಿಸಿಕೊಂಡೇ. ಓದುಗರು ಅದನ್ನು ಅಪ್ಪನ ಶೈಲಿ ಎಂದು ಕೊಂಡಾಡಿದರು.

ಎದುರಿಗೆ ಯಾರಾದರೂ ಕೂರದಿದ್ದರೆ ಅಪ್ಪನಿಗೆ ಗೆರೆಯೇ ಏಳುತ್ತಿರಲಿಲ್ಲ. ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಅಮ್ಮನನ್ನು ಕೂರಿಸಿ, "ಆ ಕಡೆ ತಿರುಗು, ಊದಿರೋದು ಕಾಣ್ಬಾರ್ದು" ಅನ್ನುತ್ತಿದ್ದರು. ಅವರು ಎಡಚರು. ಚಿತ್ರ ಬರೆಯುತ್ತಿದ್ದುದೂ ಹೊಡೆಯುತ್ತಿದ್ದುದೂ ಅದೇ ಕೈಯಲ್ಲಿ.

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದ್ದೆ. ಇವತ್ತು ಬೆಳಿಗ್ಗೆ ತಲೆ ಬಾಚಿಕೊಂಡು ಬಂದು ಅದೇ ಸ್ಟೂಲಿನ ಮೇಲೆ ಕೂತಳು. ತಾನಾಗಿಯೇ ಬಲಗೆನ್ನೆಯನ್ನು ಬೆಳಕಿಗೆ ತಿರುಗಿಸಿ, "ತೆಗಿಯೇ ಫೋಟೋ" ಅಂದಳು.

ಫೋಟೋ ಇದರೊಂದಿಗಿದೆ. ಮೂಳೆ ಮುರಿದು ಕೂಡಿಕೊಂಡ ಕಡೆ ಸಣ್ಣ ಕುಳಿ ಕಾಣುತ್ತದೆ. ಅದು ನಿಮ್ಮ ನಟಿಯ ಮುಖದಲ್ಲೂ ಇರಬೇಕಂತೆ. ಅಮ್ಮ ಕೇಳಿದ್ದು ಅದೊಂದೇ.

ಇತಿ,
ವೀರನಾರಿಯ ಮಗಳು