ನೀರು ಒರೆಸಿದ ಫೋಟೋ

ಹಾರ್ಡಂಗರ್, ಮೇ 22

ಸಿಗ್ನೆ ಅಕ್ಕಾ,

ಇಲ್ಲ, ನಾನು ರಂಪ ಮಾಡ್ತಾ ಇಲ್ಲ. "ಫೋಟೋ ತಾನೇ ಕೇಳಿದ್ದು, ನಿನ್ನ ಕಿಡ್ನಿ ಕೇಳಿದ್ನಾ?" ಅಂತ ನೀನು ಫೋನ್ ಕುಕ್ಕಿದೆ. ಕಿಡ್ನಿ ಆಗಿದ್ರೆ ಯಾಕೆ ಬೇಕು ಅಂತ ಹೇಳಿ ಕೇಳ್ತಿದ್ದೆ ಅಲ್ವಾ? ಇದಕ್ಕೆ ಯಾಕೆ ಹೇಳ್ಲಿಲ್ಲ? ನಿನ್ನ ಮುಂದೆ ನಂಗೆ ಬಾಯಿ ಬರಲ್ಲ, ಅದಕ್ಕೇ ಬರೀತಿದ್ದೀನಿ.

ಹೋದ ವರ್ಷ ಏಪ್ರಿಲಲ್ಲಿ ನಾನು ಮೀನು ದೋಣಿ ಕೆಲಸ ಬಿಟ್ಟು ಬಂದಾಗ ಹಾಲ್ವಾರ್ ಭಾವ ಬಾಗಿಲಲ್ಲೇ, "ಬಂದ್ರಪ್ಪ ಸಾಹೇಬ್ರು! ಈ ಸಲ ಎಷ್ಟು ದಿನ?" ಅಂದ್ರು. ತಪ್ಪೇನಿಲ್ಲ, ಹತ್ತನೇ ಕ್ಲಾಸ್ ಮುಗಿದಾಗಿಂದ ನಾನು ಎಲ್ಲೂ ನಿಂತೋನಲ್ಲ. ಆದ್ರೆ ನೀನು ನಗಲಿಲ್ಲ. ಬ್ರೆಡ್ಡು, ಕಂದು ಚೀಸು ಮುಂದಿಟ್ಟು, "ಐವಿಂಡ್, ನಮ್ಮ ಜಲಪಾತದ ಫೋಟೋ ಬೇಕು ಕಣೋ. ಹಿಮ ಕರಗೋಕೆ ಮುಂಚೆ ಒಂದು, ಕರಗುವಾಗ ಒಂದು, ತುಂಬಿ ಬಿದ್ದಾಗ ಒಂದು. ಮೂರೂ ಒಂದೇ ಜಾಗದಿಂದ" ಅಂದೆ. ನಾನು ಹುಟ್ಟಿದಾಗಿಂದ ನೀನು ನಂಗೆ ಹೇಳಿದ ಮೊದಲ ಕೆಲಸ ಅದು. ಪೇಟೇಲಿರೋ ಅಮ್ಮನ ಮನೆ ಗೋಡೆಗೆ ಇರಬೇಕು ಅಂದ್ಕೊಂಡೆ. ನೀನು ಹಾಗೆ ಹೇಳಿಲ್ಲ, ನಿಜ. ಆದ್ರೆ "ಅಮ್ಮಂಗೆ ಖುಷಿಯಾಗುತ್ತೆ" ಅಂತ ನಾನಂದಾಗ ನೀನು ಕುರಿಮರಿ ಬಾಯಿಗೆ ಬಾಟ್ಲಿ ಇಟ್ಟೆ, ಅಲ್ಲ ಅನ್ನಲಿಲ್ಲ.

ಸೇಬು ಹೂ ಬಿಡೋ ಹೊತ್ತಿಗೆ ನೀರಿಗೆ ಹುಚ್ಚು ಹಿಡಿದಿತ್ತು. ಲೆನ್ಸ್ ಒರೆಸೋದು, ಒಂದು ಕ್ಲಿಕ್, ಮತ್ತೆ ಒರೆಸೋದು. ಕಾಲ ಕೆಳಗಿನ ಬಂಡೆ ನಡುಗ್ತಿತ್ತು ಅಂತ ಕ್ಯಾಮೆರಾ ಸ್ಟ್ಯಾಂಡಿಗೆ ಕಲ್ಲಿನ ಚೀಲ ಕಟ್ಟಿದ್ದೆ. ಕೈ ಮರಗಟ್ಟಿ, ನನ್ನ ಕೆಂಪು ಕೈಗವಸು ಫೋಟೋದ ಮೂಲೇಲಿ ಬಿದ್ದಿದ್ದೂ ಗೊತ್ತಾಗ್ಲಿಲ್ಲ. ಅಂಥ ಫೋಟೋ ನಾನು ಇನ್ಯಾವತ್ತೂ ತೆಗೆದಿಲ್ಲ.

ಈ ಸಲ ಬಂದು ನೋಡಿದ್ರೆ ಅಮ್ಮನ ಗೋಡೆ ಖಾಲಿ. ನಿಂಗೆ ಪುರುಸೊತ್ತಾಗಿಲ್ಲ ಅಂದ್ಕೊಂಡು, ನಾನೇ ಪ್ರಿಂಟ್ ತೆಗೆಸೋಣ ಅಂತ ಮಂಗಳವಾರ ಲೈಬ್ರರಿಗೆ ಹೋದೆ. ಅಲ್ಲಿ ಕೂರೋ ಬೋರ್ಗಿಲ್ಡ್, "ಏನಯ್ಯಾ, ದೊಡ್ಡ ಮನುಷ್ಯ ಆಗ್ಬಿಟ್ಟೆ! ಸರ್ಕಾರಿ ಕಾಗದದಲ್ಲೇ ಹೆಸರು ಬಂದಿದೆ" ಅಂದು, ಊರೋರೆಲ್ಲ ಓದ್ಲಿ ಅಂತ ಇಟ್ಟಿದ್ದ ಒಂದು ದಪ್ಪ ಪುಸ್ತಕ ತೋರಿಸಿದ್ರು. ನಮ್ಮ ಹೊಳೇನ ಜಲಪಾತದ ಮೇಲೇನೇ ಹಿಡಿದು, ಪೈಪಲ್ಲಿ ಇಳಿಸಿ, ಕರೆಂಟ್ ತೆಗೆಯೋಕೆ ಅನುಮತಿ ಕೇಳಿರೋ ಅರ್ಜಿ. ಅರ್ಜಿ ಹಾಕಿದೋಳು ನೀನು.

ಒಂದು ಪುಟದಲ್ಲಿ ನನ್ನ ಫೋಟೋ. ಕೆಳಗೆ "ಈಗ" ಅಂತ. ಪುಟ ತಿರುಗಿಸಿದೆ. "ಆಮೇಲೆ." ಅದೇ ಬಂಡೆ, ಅದೇ ಬರ್ಚ್ ಮರ, ಅದೇ ಕೆಂಪು ಗವಸು. ನೀರಿಲ್ಲ. ಯಾರೋ ಕಂಪ್ಯೂಟರಲ್ಲಿ ನೀರು ಒರೆಸಿ ಹಾಕಿದ್ರು, ಒದ್ದೆ ಬಂಡೆ ಮೇಲೆ ಒಂದು ದಾರದಷ್ಟು ಬಿಟ್ಟು. ಬೋರ್ಗಿಲ್ಡ್ ಬಾಯಿ ಆಡ್ತಿತ್ತು, ನಂಗೊಂದೂ ಕೇಳಿಸಲಿಲ್ಲ. ಆ ಹಾಳೆ ಹಿಂದೆ ಮುಂದೆ, ಹಿಂದೆ ಮುಂದೆ ತಿರುಗಿಸ್ತಾನೇ ಇದ್ದೆ. ಅವರೇ ಬಂದು ಕೈ ಹಿಡಿದು ಕೂರಿಸಿದ್ರು.

ಹೊಳೆ ನಿಂದು, ಒಪ್ಪಿದೆ. ಹಿರಿ ಮಗಳು, ಜಮೀನು, ಕುರಿ, ಬೀಳೋ ನೀರು ಎಲ್ಲ ನಿನ್ನ ಹೆಸರಿಗೆ. ನಾನು ಊರೂರು ಅಲೀತಿದ್ದಾಗ ಅಪ್ಪನ ಕೊನೇ ಎರಡು ಚಳಿಗಾಲ ಅವರನ್ನ ನೀನೊಬ್ಳೇ ಎತ್ತಿ ಇಳಿಸಿದೆ. ಕುರಿ ನಂಬಿ ಬದುಕೋಕಾಗಲ್ಲ ಅನ್ನೋದೂ ಗೊತ್ತು. ಎದುರು ಕೂತು "ಹೀಗೆ ಮಾಡ್ತಿದ್ದೀನಿ ಕಣೋ" ಅಂದಿದ್ರೆ ಜಗಳ ಆಡಿ, ಕೊನೆಗೆ ಫೋಟೋ ಕೊಡ್ತಿದ್ದೆನೋ ಏನೋ.

ಆದ್ರೆ ನಲವತ್ತೊಂದನೇ ಪುಟ. "ಜಲಪಾತದ ಹಿಂದೆ ಹಕ್ಕಿ ಗೂಡು ಕಂಡುಬಂದಿಲ್ಲ." ಗೂಡಿದ್ರೆ ಅನುಮತಿ ಸಿಗೋದು ಕಷ್ಟ. ಅಕ್ಕಾ, ನಿಂಗೆ ಗೂಡಿನ ಫೋಟೋನೂ ಕಳಿಸಿದ್ದೆನಲ್ಲ! ನೀರಿನ ಹಿಂದೆ ಪಾಚಿ ಗೂಡು, ಎದೆ ಬೆಳ್ಳಗಿರೋ ತಾಯಿ, ಐದು ಹಳದಿ ಬಾಯಿ. "ಚೆನ್ನಾಗಿದೆ ಕಣೋ, ನಂಗೆ ನೀರಿಂದು ಸಾಕು" ಅಂತ ಉತ್ತರ ಹಾಕಿದೆ. ಅದು ಇನ್ನೂ ನನ್ನ ಫೋನಲ್ಲಿದೆ. ನೀನು ನೋಡಿದ್ದೆ. ನೋಡಿಯೂ ಇಲ್ಲ ಅಂತ ಸಹಿ ಹಾಕಿದೆ. ಒಂದು ಸುಳ್ಳಿಗೆ ನನ್ನ ಬಾಯಿಗೆ ಸೋಪ್ ಹಾಕಿ ತೊಳೆದೋಳು ನೀನು. ಇದನ್ನ ಇನ್ನೂ ನಂಬೋಕಾಗ್ತಿಲ್ಲ.

ಆ ಅರ್ಜಿಗೆ ತಕರಾರು ಕೊಡೋಕೆ ಇವತ್ತು ಮೂರು ಗಂಟೆವರೆಗೆ ಟೈಮಿದೆ. ಗೂಡಿನ ಫೋಟೋ ಪ್ರಿಂಟ್ ತೆಗೆಸಿ, ಹಿಂದೆ ತಾರೀಖು, ನನ್ನ ಹೆಸರು ಬರ್ದಿದ್ದೀನಿ. ಊರ ಕಚೇರೀಲಿ ಕೊಡ್ತೀನಿ. ನಿನ್ನ ಉತ್ತರ ಜೊತೆಗೆ ಇಟ್ಟಿಲ್ಲ. ಅಷ್ಟು ನನ್ನ ಕೈಲಾಗ್ಲಿಲ್ಲ. ಪೈಪ್ ನಿಲ್ಲುತ್ತೋ ಇಲ್ವೋ ಗೊತ್ತಿಲ್ಲ. ಈ ಮನೆಗೆ ನಾನು ಬರೋದು ನಿಲ್ಲುತ್ತೆ, ಅದು ಗೊತ್ತು.

ಇದನ್ನ ನಿನ್ನ ಅಡುಗೆಮನೇಲೇ ಕೂತು ಬರೆದೆ. ನೀನು ಕೊಟ್ಟಿಗೇಲಿದ್ದೀಯ, ಕೊನೇ ಕುರಿ ಈಯ್ತಾ ಇರಬೇಕು, ನಿನ್ನ ದನಿ ಕೇಳ್ತಿದೆ. ತಾಯಿ ಮರಿ ಎರಡೂ ಉಳೀಲಿ. ನಿಂಗೂ ಒಳ್ಳೇದಾಗ್ಲಿ ಅಕ್ಕಾ, ನಿಜವಾಗ್ಲೂ. ಕರೆದು ಹೇಳೋಣ ಅಂತ ಎದ್ದೆ. ಬೇಡ. ಬೂಟು ಹಾಕ್ಕೊಂಡೆ. ಬಾಗಿಲು ನಾನೇ ಎಳ್ಕೊಂಡು ಹೋಗ್ತೀನಿ.

ನಿನ್ನ ತಮ್ಮ,
ಐವಿಂಡ್