ಪಾದ್ರಿಗಳ ಕಥೆಗೆ ಮಂಗಳ

೧೨-೭-೭೬, ಸೋಮವಾರ

ಲಿಂಗಪೂಜೆ ಮುಗಿಸಿ ಹಾರ್ಮೋನಿಯಂ ಬಿಚ್ಚಿ ಕೂತೆ. ಒಂದು ರೀಡು ಮತ್ತೆ ಕಿರುಗುಟ್ಟುತ್ತಿದೆ. ಆಷಾಢ — ಶಿವಕಥೆ ಹೇಳೋಕೆ ಯಾರೂ ಕರೆಯಲ್ಲ. ಶ್ರಾವಣ ಬರೋವರೆಗೆ ನಾನೂ ಈ ಪೆಟ್ಟಿಗೆಯೂ ಮನೆಯಲ್ಲೇ ಕಿರುಗುಟ್ಟಬೇಕು. "ಪೆಟ್ಟಿಗೆ ರಿಪೇರಿ ಆಗುತ್ತೆ. ಯಜಮಾನ್ರದು?" ಅಂದಳು ಗುರುಶಾಂತಮ್ಮ, ಹಿತ್ತಲಿಂದಲೇ. ಮದುವೆಯಾಗಿ ಮೂವತ್ತು ವರ್ಷ, ಹೆಂಡತಿ ಬಾಯಿ ಮಾತ್ರ ಇನ್ನೂ ಹೊಸದು.

ಹನ್ನೊಂದರ ಬಸ್ಸಿಗೆ ಕಡೂರಿಂದ ಫಾದರ್ ಬೊನಿಫಾಸ್ ಬಂದರು. ಕರಾವಳಿಯವರು, ಸಣ್ಣ ವಯಸ್ಸು. ಬೆಂಗಳೂರಿಂದ ಒಂದು ಫಿಲಂ ತರಿಸಿದ್ದಾರಂತೆ. ಫಿಲಿಪೈನ್ಸ್ ದೇಶದ ಮೂವರು ಪಾದ್ರಿಗಳ ಕಥೆ. ಮಾತೆಲ್ಲ ಇಂಗ್ಲಿಷು. ತೆರೆ ಪಕ್ಕ ನಿಂತು ಕನ್ನಡದಲ್ಲಿ ಹೇಳೋರು ಬೇಕು.

"ಅಲ್ರೀ, ನಾನು ಜಂಗಮ. ನನಗೂ ಪಾದ್ರಿಗೂ ಏನು?" ಅಂದೆ.

"ಕಡೂರಲ್ಲಿ ನಮ್ಮವರ ಮನೆ ನಾಲ್ಕೇ ನಾಲ್ಕು ಮಾರಾಯ್ರೆ. ಇದು ನಾಲ್ಕು ಮನೆಗೆ ತೋರಿಸುವ ಕಥೆ ಅಲ್ಲ. ಒಮ್ಮೆ ನೋಡಿ, ಬೇಡ ಅನ್ನಿಸಿದರೆ ಬೇಡ."

ಕಾಫಿ ಕುಡಿದು ಹೋದರು. ನೋಡೋದಕ್ಕೇನು ಗಂಟು ಹೋಗುತ್ತೆ.

೧೪-೭-೭೬

ಕಡೂರು. ಅಂಜಿನಪ್ಪನನ್ನೂ ಕರೆದುಕೊಂಡು ಹೋದೆ. ನನ್ನ ತಬಲದವನು, ಅಂತರಘಟ್ಟೆಯ ಒಕ್ಕಲು. ಇಪ್ಪತ್ತು ವರ್ಷದಿಂದ ಅವನಿಲ್ಲದೆ ನಾನು ಕಥೆ ಹೇಳಿಲ್ಲ.

ಚರ್ಚಿನ ಹಿಂದಿನ ರೂಮಲ್ಲಿ ನೋಡಿದೆವು, ಇಂಗ್ಲಿಷನ್ನ ಫಾದರ್ ಬಿಡಿಸಿ ಹೇಳಿದರು. ಈಗಲೂ ಮೈ ಉರೀತಿದೆ.

ನೂರು ವರ್ಷದ ಹಿಂದಿನ ಮಾತು. ಆ ದೇಶ ಆಳೋರು ಸ್ಪೇನಿನವರು. ಅಲ್ಲೇ ಹುಟ್ಟಿದ ಪಾದ್ರಿಗಳಿಗೆ ಒಳ್ಳೆ ಚರ್ಚು ಕೊಡಲ್ಲ — ಹಡಗಿಳಿದು ಬಂದ ಸನ್ಯಾಸಿಗಳಿಗೇ ಎಲ್ಲಾ. ಯಾಕೆ ಅಂತ ಕೇಳಿದರು ಇವರು. ಮಾಡಿದ ತಪ್ಪು ಅಷ್ಟೇ. ಅತ್ತ ಕೋಟೆಯಲ್ಲಿ ಸಿಪಾಯಿಗಳು ದಂಗೆ ಎದ್ದರು. ಎಲ್ಲೋ ಹಬ್ಬದ ಪಟಾಕಿ ಸದ್ದು ಕೇಳಿ, ಅದೇ ಸನ್ನೆ ಅಂತ ತಿಳಿದರಂತೆ! ಅದಕ್ಕೂ ಪಾದ್ರಿಗಳಿಗೂ ಸಂಬಂಧವೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ದಂಗೆಯವರಲ್ಲಿ ಒಬ್ಬನನ್ನು ಹಿಡಿದು, ಪಾದ್ರಿಗಳ ಹೆಸರು ಹೇಳು, ನಿನ್ನನ್ನ ಬಿಡ್ತೀವಿ ಅಂದರು. ಹೇಳಿದ, ಆ ನಾಯಿ. ಹೇಳಿಸಿಕೊಂಡು ಅವನನ್ನೇ ಮೊದಲು ಕೊಂದರು. ಆಮೇಲೆ ಮೂವರು. ಕುರ್ಚಿಗೆ ಕಟ್ಟಿ, ಕುತ್ತಿಗೆಗೆ ಕಬ್ಬಿಣದ ಪಟ್ಟಿ ಹಾಕಿ, ಹಿಂದಿನಿಂದ ತಿರುಪು ತಿರುವೋದು. ಥೂ, ಎಂಥ ಸರ್ಕಾರ ಅದು.

ಬಸ್ಸಲ್ಲಿ ಬೈದೆ — ಸಾಕ್ಷಿ ಹೇಳಿದವನನ್ನ. ಅಂಜಿನಪ್ಪ ಕಿಟಕಿ ಆಚೆ ನೋಡ್ತಾ, "ಪಾಪ ಕಣ್ರೀ ಅಯ್ನೋರೆ. ಹೆದ್ರಿದ್ದ" ಅಂದ.

"ಹೆದರಿದವನು ನಾಲಿಗೆ ಕಚ್ಚಿಕೊಂಡು ಸುಮ್ಮನಿರಬೇಕು."

"ಕೂತ್ಕೊಂಡು ಹೇಳೋದು ಸುಲ್ಭ."

ನಮ್ಮೂರು ಅಜ್ಜಂಪುರ ಬರೋವರೆಗೂ ಅವನಿಗೆ ಬೆನ್ನು ತಿರುಗಿಸಿ ಕೂತೆ. ಕಥೆ ಮಾತ್ರ ನಾನೇ ಹೇಳ್ತೀನಿ.

೧೬-೭-೭೬

ಪ್ರಾಕ್ಟೀಸು. ಪಾದ್ರಿಗಳ ಹೆಸರು ನನ್ನ ಬಾಯಲ್ಲಿ ನಿಲ್ಲಲ್ಲ. ದೊಡ್ಡಯ್ಯ, ನಡುವಯ್ಯ, ಕಿರಿಯಯ್ಯ ಅಂತ ಮಾಡಿಕೊಂಡೆ. ಫಾದರ್ ನಕ್ಕು ಒಪ್ಪಿದರು.

ಫಿಲಂ ತೋರಿಸೋಕೆ ನಮ್ಮೂರ ಕಲ್ಲೇಶಪ್ಪ ತನ್ನ ರೈಸ್‌ಮಿಲ್ಲಿನ ಗೋಡೌನ್ ಕೊಡ್ತಾನೆ. ಕಿಟಕಿಗೆ ಗೋಣಿಚೀಲ ಬಡಿದರೆ ಹಗಲಲ್ಲೇ ಕತ್ತಲು. ತಾಲ್ಲೂಕು ಅಮಲ್ದಾರರ ಪರ್ಮಿಷನ್ನೂ ಬಂತು. ಭಾಷಣ ಕೂಡದು, ಘೋಷಣೆ ಕೂಡದು. ಎಮರ್ಜೆನ್ಸಿ ಅಲ್ವೇ. ಈಗ ಸೀನೋದಕ್ಕೂ ಪರ್ಮಿಷನ್ ಬೇಕು.

ಅಂಜಿನಪ್ಪನ ಮೇಲೆ ಠಾಣೆ ಸಾಹೇಬನ ಕಣ್ಣಿದೆ. ಸಂತಾನಹರಣ ಆಪರೇಷನ್ ಕ್ಯಾಂಪಿಗೆ ಜನ ತುಂಬಿಸೋಕೆ ಜೀಪು ಬಂದಾಗ, "ನನ್ನ ಮೈ ನಂದು, ನಾ ಬರಲ್ಲ" ಅಂದನಂತೆ ಇವನು. ಇವನು ಅಂದ ಮೇಲೆ ಊರಲ್ಲಿ ಒಬ್ಬನೂ ಜೀಪು ಹತ್ತಲಿಲ್ಲ. ಜಾಣ, ಈ ವಿಷಯ ನನಗೆ ಹೇಳಿದ್ದು ಇವತ್ತು!

೧೮-೭-೭೬, ಭಾನುವಾರ. ಸಂಜೆ

ಬಂದವನೇ ಬರೆಯೋಕೆ ಕೂತೆ. ಸಿಟ್ಟೋ ಸುಸ್ತೋ ಗೊತ್ತಿಲ್ಲ.

ಗೋಡೌನ್ ತುಂಬಿತ್ತು. ಮಿಲ್ಲಿನ ಹೆಂಗಸರು, ಬುಕ್ಕಾಂಬುಧಿ ಕಡೆ ರೈತರು, ಫಾದರ್ ಕಡೆಯ ನಾಲ್ಕು ಮನೆಯವರು. ಶಿವಕಥೆಗೆ ಕೂತ ಹಾಗೇ ಕೂತರು, ಚಕ್ಕಳಮಕ್ಕಳ. ನಾನು ತೆರೆಯ ಎಡಕ್ಕೆ, ಅಂಜಿನಪ್ಪ ನನ್ನ ಕಾಲ ಬಳಿ. ದೊಡ್ಡಯ್ಯನಿಗೆ ನಿಧಾನದ ವಿಲಂಬ ತಾಳ, ದಂಗೆಗೆ ಓಡೋ ದ್ರುತ. ಜನ ಕದಲಲಿಲ್ಲ. ಸಾಕ್ಷಿ ಬಾಯಿ ಬಿಟ್ಟಾಗ ಯಾರೋ ತೆರೆಗೆ ಮೆಟ್ಟು ಎಸೆದರು.

ಕೊನೆಗೆ ಆ ಕುರ್ಚಿ. ನಡುವಯ್ಯನಿಗೆ ಬುದ್ಧಿಯೇ ಹೋಗಿದೆ, ಸುಮ್ಮನೆ ಕೂರ್ತಾನೆ. ದೊಡ್ಡಯ್ಯ ನಿಧಾನ ನಡೆದು ಬರ್ತಾನೆ, ಎಪ್ಪತ್ತು ದಾಟಿದ ಮುದುಕ. ಕಿರಿಯಯ್ಯ ಅಳ್ತಾನೆ — ನಾನು ಏನೂ ಮಾಡಿಲ್ಲ, ಏನೂ ಮಾಡಿಲ್ಲ. ತಿರುಪು ತಿರುವೋನೇ ಮಂಡಿಯೂರಿ ಅವನ ಕ್ಷಮೆ ಕೇಳ್ತಾನೆ. ಕೇಳಿ, ಎದ್ದು ತಿರುವುತ್ತಾನೆ. ತಬಲ ನಿಂತಿತ್ತು.

ಫಿಲಂ ಮುಗೀತು. ತೆರೆ ಬೆಳ್ಳಗಾಯ್ತು. ಒಬ್ಬರೂ ಏಳಲಿಲ್ಲ.

ಫಾದರ್ ನನ್ನ ಮುಖ ನೋಡಿದರು. ಅವರಿಗೆ ತಿಳೀಲಿಲ್ಲ. ನಮ್ಮಲ್ಲಿ ಮಂಗಳ ಆಗದೆ ಕಥೆಯಿಂದ ಯಾರೂ ಏಳಲ್ಲ. ಅರ್ಧ ಕಥೆಗೆ ಎದ್ದರೆ ಮನೆಗೆ ಆಗಿಬರಲ್ಲ. ನಾನು ಹೇಳಿದ ಕಥೆಯಲ್ಲೆಲ್ಲ ಕಡೆಗೆ ಶಿವ ಬರ್ತಾನೆ. ಸತ್ತ ಮಗು ಏಳುತ್ತೆ, ಕಡಿದ ಕೈ ಬರುತ್ತೆ. ಮುಂದಿನ ಸಾಲಲ್ಲಿ ಕೂತಿದ್ದ ಮುದುಕಿ ದ್ಯಾಮಮ್ಮ ಕೇಳೇಬಿಟ್ಟಳು: "ಅಯ್ನೋರೆ, ಶಿವ ಬರ್ಲಿಲ್ವಾ?"

ಬರಲಿಲ್ಲ ಕಣವ್ವಾ ಅಂತ ಹೇಳೋಕೆ ಬಾಯಿ ತೆಗೆದೆ. ಬಾಯಿಂದ ಬಂದಿದ್ದು ಮಾತ್ರ ಅಭ್ಯಾಸದ ಮಾತು — ನಮಃ ಪಾರ್ವತೀಪತಯೇ!

ನಾನು ಅಂದರೆ ಎತ್ತಿಕೊಳ್ಳೋನು ಅಂಜಿನಪ್ಪ. ಇಪ್ಪತ್ತು ವರ್ಷದ ರೂಢಿ. ಎತ್ತಿಕೊಂಡ — ಹರ ಹರ ಮಹಾದೇವ! ಹಿಂದೆಯೇ ಇಡೀ ಗೋಡೌನ್. ತಗಡು ಅದುರಿತು. ಭಕ್ತಿಯ ಕೂಗಲ್ಲ ಅದು. ಸಿಟ್ಟಿನದು. ನನಗೆ ಸಂತೋಷವೇ ಆಯ್ತು, ಸುಳ್ಳು ಯಾಕೆ ಹೇಳಲಿ.

ಬಾಗಿಲು ತೆಗೆದರೆ ಹೊರಗೆ ಪೊಲೀಸು.

೧೯-೭-೭೬

ಬೆಳಿಗ್ಗೆ ಅಂತರಘಟ್ಟೆಗೆ ಜೀಪು ಹೋಗಿ ಅಂಜಿನಪ್ಪನನ್ನ ಎತ್ತಿಕೊಂಡು ಬಂತು. ಕಾನೂನು ಮುರಿದು ಘೋಷಣೆ ಕೂಗಿದ್ದು, ಸರ್ಕಾರದ ವಿರುದ್ಧ ಜನರನ್ನ ಎತ್ತಿಕಟ್ಟಿದ್ದು. ಹರ ಹರ ಮಹಾದೇವ ಸರ್ಕಾರದ ವಿರುದ್ಧವಂತೆ! ಹಾಗಾದರೆ ಶಿವನ ಮೇಲೂ ವಾರೆಂಟು ಇರಬೇಕಲ್ಲ.

ಮೊದಲು ಕೂಗಿದವನು ನಾನು. ನನ್ನ ಮನೆಗೆ ಯಾರೂ ಬರಲಿಲ್ಲ.

೨೩-೭-೭೬

ನಾಲ್ಕು ದಿನ ತಿರುಗಿದ ಮೇಲೆ ಠಾಣೆ ಒಳಗೆ ಬಿಟ್ಟರು.

ಸಾಹೇಬ ಕುರ್ಚಿ ಕೊಟ್ಟ. ಟೀ ತರಿಸಿದ. "ಅಯ್ನೋರೆ, ನೀವು ದೊಡ್ಡೋರು. ಮಠದ ಕಡೆಯೋರು. ನಿಮ್ಮನ್ನ ಯಾಕೆ ಎಳೀಲಿ? ನೀವು ಕಥೆ ಮುಗ್ಸಿ ಸುಮ್ನಿದ್ರಿ. ಕೂಗು ಎಬ್ಸಿದ್ದು ಅಂಜಿನಪ್ಪ. ಸೋಮವಾರ ಎರಡ್ನೇ ತಾರೀಕು ಅಮಲ್ದಾರ್ರ ಮುಂದೆ ಅಷ್ಟು ಹೇಳಿ ಸಾಕು."

"ಹೇಳದಿದ್ರೆ?"

"ಶ್ರಾವಣದಲ್ಲಿ ನಿಮ್ ಕಥೆಗೆ ಪರ್ಮಿಷನ್ ಸಿಗಲ್ಲ. ಆಮೇಲೆ ಮೀಸಾ ಅಂತ ಒಂದು ಕಾಯ್ದೆ ಇದೆ, ವಿಚಾರಣೆ ಇಲ್ದೆ ಒಳಗೆ ಹಾಕೋದು, ಕೇಳಿದೀರಲ್ಲ?"

ಟೀ ಕುಡಿಯಲಿಲ್ಲ. ಅಂಜಿನಪ್ಪನನ್ನ ನೋಡಬೇಕು ಅಂದೆ. ಕಂಬಿ ಹಿಂದೆ ಕೂತಿದ್ದ. ಬಲಗೈ ಬೆರಳು ಊದಿಕೊಂಡಿದ್ವು, ಬದನೆಕಾಯಿ ಬಣ್ಣ. ತಬಲದವನ ಬೆರಳು! ಹೊಡೆಯೋಕೆ ಬೇರೆ ಜಾಗವೇ ಸಿಗಲಿಲ್ವಾ ಇವರಿಗೆ? ಇವರ ಕೈ ಸೇದಿಹೋಗಲಿ.

ಸಾಹೇಬನ ಮಾತು ನಾನು ಹೇಳಿರಲಿಲ್ಲ. ಅವನೇ ಅಂದ: "ಹೇಳ್ಬಿಡಿ ಅಯ್ನೋರೆ. ನಂಗೆ ಬೇಜಾರಿಲ್ಲ. ಹೆದ್ರಿಕೆ ಯಾರಿಗಿರಲ್ಲ?"

ಬೈದಿದ್ದರೆ ಚೆನ್ನಾಗಿತ್ತು.

೨೬-೭-೭೬

ಪಂಚಾಕ್ಷರಪ್ಪ ಬಂದಿದ್ದರು. ಮಂಡಿ ವ್ಯಾಪಾರಿ. ಮಠದಲ್ಲಿ ಶ್ರಾವಣದ ಕಥೆ ಏರ್ಪಾಡು ಮಾಡೋರು ಅವರೇ.

"ಸುಳ್ಳು ಹೇಳಿ ಅಂತ ಯಾರಂದ್ರು? ಹರ ಹರ ಅಂದಿದ್ದು ಅವ್ನೇ ಅಲ್ವಾ? ನೀವು ಅಂದಿದ್ದು ನಮಃ ಅಷ್ಟೇ. ಇದ್ದದ್ದನ್ನ ಹೇಳಿ ಕೈ ತೊಳ್ಕೊಳಿ."

ಎಷ್ಟು ಚಂದ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಏಳಿ ಮೇಲೆ ಅನ್ನಬೇಕಿತ್ತು. ಅನ್ನಲಿಲ್ಲ. ಯೋಚನೆ ಮಾಡ್ತೀನಿ ಅಂದೆ. ನಾನು, ಬಸ್ಸಲ್ಲಿ ಆ ಸಾಕ್ಷಿಯನ್ನ ನಾಯಿ ಅಂದವನು... ಯೋಚನೆ ಮಾಡ್ತೀನಿ ಅಂದೆ!

ನನ್ನ ಮೇಲೇ ಅಸಹ್ಯ ಆಗ್ತಿದೆ. ಹೆದರಿಕೆಯೂ ಇದೆ. ಬರೆದು ಇಡ್ತೀನಿ — ಇದೆ.

೩೦-೭-೭೬

ಶ್ರಾವಣ ಹಿಡಿದು ಮೂರನೇ ದಿನ. ಹಾರ್ಮೋನಿಯಂ ಮುಟ್ಟಿಲ್ಲ.

ಅಂಜಿನಪ್ಪನ ಹೆಂಡತಿ ಈರಕ್ಕ ಬಂದಳು. ಬಯ್ಯೋಕೆ ಬಂದಳು ಅಂದುಕೊಂಡೆ. ಮಡಿಲಿಂದ ತಬಲದ ಸುತ್ತಿಗೆ ತೆಗೆದು ಜಗಲಿ ಮೇಲಿಟ್ಟಳು. "ಇದನ್ನ ಇಟ್ಕೊಳಿ ಅಯ್ನೋರೆ. ಜೀಪು ಮತ್ತೆ ಬಂದ್ರೆ ಆಯುಧ ಅಂತ ಬರ್ಕೊಂಡಾರು."

ನಗು ಬಂತು. ಅವಳಿಗೂ ಬಂತು. ಆಮೇಲೆ ಕೂತು ಅತ್ತಳು. "ಏನ್ ಹೇಳ್ತೀರಿ ಸೋಮ್ವಾರ?" ಅಂತ ಕೇಳಲಿಲ್ಲ. ಗುರುಶಾಂತಮ್ಮ ರೊಟ್ಟಿ ಕಟ್ಟಿಕೊಟ್ಟು ಬಸ್ಸಿನವರೆಗೂ ಹೋದಳು.

೨-೮-೭೬, ಶ್ರಾವಣ ಸೋಮವಾರ. ಬೆಳಿಗ್ಗೆ

ಸಾದಾ ಅಂಗಿ ಹಾಕಿಕೊಂಡೆ. ಗುರುಶಾಂತಮ್ಮ ಕಿತ್ತುಕೊಂಡಳು. ಪೆಟ್ಟಿಗೆಯಿಂದ ಜರಿ ಪೇಟ, ಕಥೆಗೆ ಹಾಕೋ ನಿಲುವಂಗಿ, ಶಾಲು.

"ಇದ್ಯಾಕೆ? ಕಚೇರಿಗೆ ಹೋಗ್ತಿರೋದು ಕಣೇ."

"ಕಥೆ ಹೇಳೋಕೆ ಹೋಗ್ತಿದೀರಿ. ಮೂವತ್ತು ವರ್ಷದಿಂದ ನಿಮ್ಮ ಕಥೆ ಕೇಳಿದೀನಿ. ಇವತ್ತಿಂದು ಕೆಟ್ಟರೆ ಮನೆಗೆ ಬರಬೇಡಿ."

ವಿಭೂತಿ ಅವಳೇ ಹಚ್ಚಿದಳು. ಕೈ ತಣ್ಣಗಿತ್ತು.

ಹನ್ನೊಂದು ಗಂಟೆ

ಅಮಲ್ದಾರರ ಕಚೇರಿ ಜಗಲಿ. ಪೆನ್ಸಿಲಲ್ಲಿ ಬರೀತಿದೀನಿ. ಜನ ತುಂಬಿದ್ದಾರೆ, ಖಾತೆ ಮಾಡಿಸೋಕೆ ಬಂದವರು. ಅರ್ಧ ಜನ ನನ್ನ ಕಥೆ ಕೇಳಿದವರೇ. ಪೇಟ ನೋಡಿ, "ಇವತ್ತು ಯಾವ ಕಥೆ ಅಯ್ನೋರೆ?" ಅಂದ ಒಬ್ಬ. ದ್ಯಾಮಮ್ಮನೂ ಬಂದು ಮೆಟ್ಟಿಲ ಮೇಲೆ ಕೂತಿದ್ದಾಳೆ. ಫಾದರ್ ಬೇವಿನ ಮರದ ಕೆಳಗೆ.

ಅಂಜಿನಪ್ಪನನ್ನ ಈಗ ಒಳಗೆ ಕರೆದುಕೊಂಡು ಹೋದರು. ಬೆರಳಿಗೆ ಬಟ್ಟೆ ಸುತ್ತಿದ್ದಾನೆ. ನನ್ನ ಪೇಟ ನೋಡಿದ. ಏನೋ ಗೊತ್ತಾಯ್ತು ಅವನಿಗೆ. ಬೇಡ ಅಂತ ತಲೆಯಾಡಿಸಿದ.

ಸಾಹೇಬ ಬಂದು ಕಿವಿಯಲ್ಲಿ ಹೇಳಿ ಹೋದ: "ಚಿಕ್ಕದಾಗಿ ಮುಗ್ಸಿ ಅಯ್ನೋರೆ."

ಚಿಕ್ಕದೇ. ಮೊದಲು ಕೂಗಿದವನು ನಾನು. ನಾನು ಕೂಗದೆ ಅವನು ಎಂದೂ ಎತ್ತಿಕೊಂಡಿಲ್ಲ. ನಂಬಲಿ ಅಂತ ಅಮಲ್ದಾರರ ಮುಂದೆಯೇ, ಅದೇ ಗಂಟಲಲ್ಲಿ ಕೂಗಿ ತೋರಿಸ್ತೀನಿ. ಮುಂದಿನ ಹರ ಹರ ಜಗಲಿಯವರಿಗೆಲ್ಲ ಬಾಯಿಪಾಠ. ಎಷ್ಟು ಜನರನ್ನ ಹಿಡೀತಾರೋ ಹಿಡೀಲಿ.

ಅಟೆಂಡರ್ ನನ್ನ ಹೆಸರು ಕರೀತಿದ್ದಾನೆ. ಒಳಗೆ ಕಾಲಿಡುತ್ತಲೇ ಹೇಳೋದು ಇದೇ — ನಮಃ ಪಾರ್ವತೀ